ಹೊಂಡದ ಪಾಚಿಗೆ ಏನು ಹೊಡೆಯಬೇಕು?



ಬೇಸಿಗೆ ಕಾಲಿಟ್ಟಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ರೈತರಿಂದ ಒಂದೇ ಪ್ರಶ್ನೆ ಬರುತ್ತದೆ. ‘ಹೊಂಡದಾಗ ಹಾವಸಿ ಭಾಳ ಕಟ್ಟೈತ್ರಿ ಸರ, ಏನ್ ಹೊಡೀಬೇಕ್ರಿ?’ ಹತ್ತಿಗೆ ಹೊಡೆದು, ಕಡಲೆಗೆ ಹೊಡೆದು ಪಂಪು ಬೆನ್ನಿನಿಂದ ಇಳಿಯದ ಕಾಲ ಇದು. ನೀರಿಗೂ ಏನಾದರೊಂದು ಹೊಡೆದರೆ ಕೆಲಸ ಮುಗಿಯಿತು ಅನ್ನಿಸುವುದು ಸಹಜ. ನನ್ನ ಉತ್ತರ ಮಾತ್ರ ಯಾವಾಗಲೂ ಅದೇ: ಏನೂ ಹೊಡೆಯಬೇಡಿ. ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಆದ್ದರಿಂದ ಇವತ್ತು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಎರೆ ಹೊಲಗಳಲ್ಲಿ ಕೃಷಿ ಹೊಂಡಗಳು ಸಾಲುಸಾಲಾಗಿ ಕಾಣಿಸಿಕೊಂಡವು. ದೊಡ್ಡ ಅಳತೆಯದೆಂದರೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಕೆಲವಕ್ಕೆ ಪ್ಲಾಸ್ಟಿಕ್ ಹಾಳೆಯ ಹಾಸು, ಕೆಲವಕ್ಕೆ ಬರೀ ಮಣ್ಣು. ಮಳೆಗಾಲದಲ್ಲಿ ಕದಡಿ ತುಂಬಿಕೊಂಡ ನೀರು ದೀಪಾವಳಿ ಹೊತ್ತಿಗೆ ತಿಳಿಯಾಗುತ್ತದೆ. ತಿಳಿಯಾದದ್ದೇ ತಡ, ಬಿಸಿಲು ತಳದವರೆಗೆ ಇಳಿಯುತ್ತದೆ. ಶಿವರಾತ್ರಿ ದಾಟಿ ಬಿಸಿಲು ಬಲಿತಂತೆ ನೀರು ಹಸಿರಾಗುತ್ತ ಬಂದು, ಮಾರ್ಚ್ ಏಪ್ರಿಲ್‌ನಲ್ಲಿ ಡ್ರಿಪ್ಪಿನ ಫಿಲ್ಟರು ದಿನಕ್ಕೆರಡು ಸಲ ಕಟ್ಟಿಕೊಳ್ಳತೊಡಗುತ್ತದೆ. ನಾಲ್ಕು ಗಿಡಕ್ಕೆ ನೀರು ಹನಿಯುತ್ತದೆ, ಐದನೆಯದು ಒಣಗುತ್ತದೆ. ಸಿಟ್ಟು ಬರುವುದು ಆಗ.

ಪಾಚಿ ಎಂದರೆ ಒಂದೇ ಜಾತಿಯಲ್ಲ. ನಿಮ್ಮ ಹೊಂಡದ್ದು ಯಾವುದು ಎಂದು ತಿಳಿಯಲು ಪ್ರಯೋಗಶಾಲೆ ಬೇಡ, ಒಂದು ಕೋಲು ಸಾಕು. ಕೋಲು ಅದ್ದಿ ತಿರುವಿ ಮೇಲೆತ್ತಿ. ಹಸಿರು ಕೂದಲಿನಂಥ ಎಳೆ ಕೋಲಿಗೆ ಸುತ್ತಿಕೊಂಡು ಜೋತುಬಿದ್ದರೆ ಅದು ಎಳೆಪಾಚಿ. ಕಿರಿಕಿರಿಯ ಗಿರಾಕಿ, ಆದರೆ ಅಪಾಯದ್ದಲ್ಲ. ಕೋಲಿಗೆ ಏನೂ ಸಿಗದೆ ಬರೀ ನೀರೇ ಹಸಿರಾಗಿದ್ದರೆ ಅದು ಕಣ್ಣಿಗೆ ಬೀಳದಷ್ಟು ಸಣ್ಣ ತೇಲುಪಾಚಿ. ಮಿತಿಯಲ್ಲಿದ್ದರೆ ಮೀನಿಗೆ ಅದೇ ಊಟ. ಮೂರನೆಯದು ಕೋಲಿಗೆ ಹಸಿರು ಪೇಂಟು ಬಳಿದ ಹಾಗೆ ಮೆತ್ತಿಕೊಳ್ಳುತ್ತದೆ, ಗಾಳಿ ಬೀಸಿದ ದಿಕ್ಕಿನ ದಂಡೆಗೆ ಕೆನೆಗಟ್ಟುತ್ತದೆ, ಕೊಳೆತ ವಾಸನೆ ಹೊಡೆಯುತ್ತದೆ. ಇದು ನೀಲಿಹಸಿರು ಪಾಚಿ. ಪಾಚಿ ಎಂದು ನಾವು ಕರೆದರೂ ನಿಜದಲ್ಲಿ ಇದು ಬ್ಯಾಕ್ಟೀರಿಯಾ ಕುಲದ್ದು. ಅನುಮಾನವಿದ್ದರೆ ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ಹಸಿರೆಲ್ಲ ಮೇಲಕ್ಕೆ ಬಂದು ಕುತ್ತಿಗೆಯ ಹತ್ತಿರ ಉಂಗುರ ಕಟ್ಟಿದ್ದರೆ ಬಹುಮಟ್ಟಿಗೆ ನೀಲಿಹಸಿರು ಪಾಚಿಯೇ. ಇದರ ಕೆಲವು ಜಾತಿಗಳು ಯಕೃತ್ತಿಗೆ, ನರಕ್ಕೆ ವಿಷ. ಅಂಥ ಕೆನೆಗಟ್ಟಿದ ನೀರು ಕುಡಿದು ದನ, ಕುರಿ, ನಾಯಿ ಸತ್ತ ವರದಿಗಳು ಜಗತ್ತಿನ ನಾನಾ ಕಡೆಯಿಂದ ಬಂದಿವೆ. ಆ ದಂಡೆಗೆ ದನ ಬಿಡಬೇಡಿ, ಮಕ್ಕಳನ್ನು ಈಜಲು ಬಿಡಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಈ ಮಾತನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಪಾಚಿ ಎಲ್ಲಿಂದ ಬಂತು ಎಂದು ಜನ ಕೇಳುತ್ತಾರೆ. ಅದು ಗಾಳಿಯಲ್ಲಿ, ಹಕ್ಕಿಯ ಕಾಲಿನಲ್ಲಿ, ಪೈಪಿನೊಳಗೆ, ಎಲ್ಲೆಲ್ಲೂ ಇದೆ. ಅದು ಬರದಂತೆ ತಡೆಯುವುದು ಆಗದ ಮಾತು. ಕೇಳಬೇಕಾದದ್ದು ಅದಕ್ಕೆ ಊಟ ಎಲ್ಲಿಂದ ಬಂತು ಎಂದು.

1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಸರೋವರದ ನಡು ಸೊಂಟಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಪಾಲು ಹಸಿರುಗಟ್ಟಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೊ ನೋಡಿದವರಿಗೆ ಬೇರೆ ವಾದ ಬೇಕಿರಲಿಲ್ಲ. ಸೀನೀರಿನಲ್ಲಿ ಸಾಮಾನ್ಯವಾಗಿ ಪಾಚಿಯ ಜುಟ್ಟು ರಂಜಕದ ಕೈಯಲ್ಲಿರುತ್ತದೆ. ಸಾರಜನಕ ಸಾಲದಿದ್ದರೆ ನೀಲಿಹಸಿರು ಪಾಚಿಯ ಕೆಲವು ಜಾತಿಗಳು ಅದನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತವೆ. ರಂಜಕಕ್ಕೆ ಅಂಥ ದಾರಿಯಿಲ್ಲ. ಹೊರಗಿನಿಂದ ಬರಬೇಕು, ಇಲ್ಲವೇ ತಳದ ಕೆಸರಿನಿಂದ ಏಳಬೇಕು.

ನಮ್ಮ ಕಡೆ ರಂಜಕ ಎಂದರೆ ಡಿಎಪಿ. 50 ಕಿಲೋ ಚೀಲದಲ್ಲಿ ಸುಮಾರು 10 ಕಿಲೋ ಶುದ್ಧ ರಂಜಕ ಇರುತ್ತದೆ. ಒಂದು ಕಿಲೋ ರಂಜಕದಿಂದ ಸುಮಾರು 500 ಕಿಲೋ ಹಸಿ ಪಾಚಿ ಬೆಳೆಯಬಹುದು ಎಂಬುದು ತಜ್ಞರ ಸ್ಥೂಲ ಅಂದಾಜು. ಅಂದರೆ ಅರ್ಧ ಕಿಲೋ ಡಿಎಪಿ ಮಳೆಗೆ ಕೊಚ್ಚಿ ಹೊಂಡ ಸೇರಿದರೂ 50 ಕಿಲೋ ಪಾಚಿಗೆ ಬೀಜಧನ ಕೊಟ್ಟಂತಾಯಿತು. ಸೋಯಾ, ಹೆಸರು, ಗೋವಿನಜೋಳ ಬಿತ್ತುವಾಗ ಸರಕಾರಿ ಗೊಬ್ಬರ ಹಾಕುತ್ತೇವೆ, ಅದರ ಬೆನ್ನಿಗೇ ದಪ್ಪ ಹನಿಯ ಮಳೆ ಬರುತ್ತದೆ. ರಂಜಕ ನೀರಿನಲ್ಲಿ ಕರಗಿ ಬರುವುದಕ್ಕಿಂತ ಹೆಚ್ಚಾಗಿ ಎರೆ ಮಣ್ಣಿನ ನುಣ್ಣನೆ ಕಣಕ್ಕೆ ಅಂಟಿಕೊಂಡು ಬರುತ್ತದೆ. ಹೊಂಡಕ್ಕೆ ಬಂದ ಹೂಳೇ ಪಾಚಿಯ ಬುತ್ತಿ. ಇದರ ಜೊತೆ ಮೇಲ್ಗಡೆ ತಿಪ್ಪೆ ಇದ್ದರಂತೂ ಕೇಳಲೇಬೇಡಿ.

ಇನ್ನು ಮೈಲುತುತ್ತದ ವಿಚಾರ. ದ್ರಾಕ್ಷಿ, ದಾಳಿಂಬೆ ತೋಟದವರ ಮನೆಯಲ್ಲಿ ಇದ್ದೇ ಇರುತ್ತದೆ. ಹಾಕಿದರೆ ಪಾಚಿ ಸಾಯುತ್ತದೆ, ಸುಳ್ಳಲ್ಲ. ಆದರೆ ಸತ್ತ ಪಾಚಿ ಎಲ್ಲಿಗೂ ಹೋಗಲಿಲ್ಲವಲ್ಲ! ಅದು ತಳಕ್ಕೆ ಬಿದ್ದು ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಮೀನು ಉಸಿರುಗಟ್ಟಿ ಮಗುಚಿ ಬೀಳುತ್ತದೆ. ಸತ್ತ ಪಾಚಿ ತನ್ನ ಹೊಟ್ಟೆಯೊಳಗಿದ್ದ ರಂಜಕವನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಕೆಲವೇ ವಾರಗಳಲ್ಲಿ ಮುಂದಿನ ಬೆಳೆ ತಯಾರು. ನೀಲಿಹಸಿರು ಪಾಚಿಯಾದರೆ ಜೀವಕೋಶ ಒಡೆದು ಒಳಗಿನ ವಿಷವೂ ನೀರಿಗೆ ಬೆರೆಯುತ್ತದೆ. ಪಾಚಿ ಮೇಯುವ ಬಸವನಹುಳು ಸಾಯುತ್ತದೆ. ಮೈಲುತುತ್ತದೊಳಗಿನ ತಾಮ್ರ ಮಾತ್ರ ಎಲ್ಲೂ ಹೋಗದೆ ಕೆಸರಿನಲ್ಲಿ ಕೂಡಿಬೀಳುತ್ತದೆ, ನಾಳೆ ಆ ಕೆಸರು ತೆಗೆದು ಹೊಲಕ್ಕೆ ಹಾಕುವವರು ನೀವೇ.

ಇಲ್ಲಿ ನಾನು ಒಂದು ದೂರದ ಉದಾಹರಣೆ ಕೊಡುತ್ತೇನೆ, ಬೇಸರಪಡಬೇಡಿ. ಬೆಂಗಳೂರಿನಂಥ ಊರುಗಳಲ್ಲಿ ಕೆಲವರು ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಕಡಲನ್ನೇ ಸಾಕುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿದ ನೀರು, ಮೇಲೆ ಉರಿಯುವ ದೀಪ, ಒಳಗೆ ಹವಳ, ಬಣ್ಣಬಣ್ಣದ ಮೀನು. ಈ ಹವ್ಯಾಸದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಹವಳ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದು ಹವಳ ನೋಡಬಹುದು, ಮುರಿದು ತಂದರೆ ಅಪರಾಧ. ಅದಿರಲಿ. ಈ ತೊಟ್ಟಿಯವರಿಗೂ ನಿಮ್ಮದೇ ತಾಪತ್ರಯ: ಎಳೆಪಾಚಿ ಹವಳದ ಮೇಲೆ ಹಬ್ಬಿ ಉಸಿರು ಕಟ್ಟಿಸುತ್ತದೆ, ಕೆಂಪು ಲೋಳೆಯಾಗಿ ಬರುವ ನೀಲಿಹಸಿರು ಪಾಚಿಯ ಬಂಧುವೊಂದು ಮರಳನ್ನೆಲ್ಲ ಮುಚ್ಚುತ್ತದೆ. ಆದರೆ ಅವರು ತಾಮ್ರ ಮುಟ್ಟುವಂತಿಲ್ಲ. ಮುಟ್ಟಿದರೆ ಪಾಚಿಗಿಂತ ಮೊದಲು ಹವಳ, ಸಿಗಡಿ, ಬಸವನಹುಳು ಸಾಯುತ್ತವೆ. ಔಷಧದ ದಾರಿ ಮುಚ್ಚಿದ್ದರಿಂದಲೇ ಅವರು ಬೇರೆ ದಾರಿ ಕಲಿತರು.

ಅವರ ದಾರಿ ಏನು? ನಲ್ಲಿ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಇರುತ್ತದೆಂದು ಆರ್‌ಓ ನೀರಿಗೇ ಉಪ್ಪು ಕಲಸುತ್ತಾರೆ. ಮೀನಿಗೆ ಚಿಟಿಕೆಯಷ್ಟೇ ಆಹಾರ ಹಾಕುತ್ತಾರೆ, ಉಳಿದದ್ದನ್ನು ತೆಗೆಯುತ್ತಾರೆ. ಪಾಚಿ ಮೇಯಲು ಬಸವನಹುಳು, ಸನ್ಯಾಸಿ ಏಡಿ ಬಿಡುತ್ತಾರೆ. ನನಗೆ ತುಂಬ ಮೆಚ್ಚಿಗೆಯಾದದ್ದು ಪಕ್ಕದ ತೊಟ್ಟಿಯ ಉಪಾಯ. ಅದೇ ನೀರು ಹರಿದು ಹೋಗುವ ಇನ್ನೊಂದು ಸಣ್ಣ ತೊಟ್ಟಿಯಲ್ಲಿ ಬೇಕೆಂದೇ ಒಳ್ಳೆಯ ಜಾತಿಯ ಕಡಲಪಾಚಿ ಬೆಳೆಸಿ, ರಾತ್ರಿ ಅದಕ್ಕೆ ದೀಪ ಉರಿಸುತ್ತಾರೆ. ಕೆಟ್ಟ ಪಾಚಿ ತಿನ್ನಬೇಕಾದ ರಂಜಕವನ್ನು ಇದು ತಿಂದು ಬೆಳೆಯುತ್ತದೆ. ಬೆಳೆದದ್ದನ್ನು ಹಿಡಿಯಷ್ಟು ಕಿತ್ತು ಹೊರಗೆ ಹಾಕುತ್ತಾರೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಇದೇ ತತ್ವದ ಮೇಲೆ ಪಾಚಿಯಿಂದಲೇ ನೀರು ತೊಳೆಯುವ ಹಾಸುಗಳನ್ನು ರೂಪಿಸಿದವರು. ಹೊರಗೆ ಹಾಕುತ್ತಾರೆ ಎಂದೆನಲ್ಲ, ಈ ಇಡೀ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಅದೊಂದೇ. ನೀರಿನಿಂದ ಹೊರಗೆ ಹೋದಷ್ಟೇ ಕಡಿಮೆಯಾದದ್ದು. ನೀರಿನೊಳಗೆ ಸತ್ತದ್ದು ಕಡಿಮೆಯಾದದ್ದಲ್ಲ.

ಮೇಯುವ ಜೀವಿ ಎಷ್ಟು ಮುಖ್ಯ ಎಂಬುದಕ್ಕೂ ಕಡಲೇ ಸಾಕ್ಷಿ. ಕೆರಿಬಿಯನ್ ಸಮುದ್ರದ ಹವಳದ ದಿಬ್ಬಗಳಲ್ಲಿ ಉದ್ದ ಮುಳ್ಳಿನ ಕಡಲಚೆಂಡು ಎಂಬ ಜೀವಿ ರಾತ್ರಿಯೆಲ್ಲ ಪಾಚಿ ಕೆರೆಯುತ್ತಿತ್ತು. ಪಾಚಿ ತಿನ್ನುವ ಮೀನುಗಳನ್ನು ಜನ ಅದಾಗಲೇ ಬಹಳ ಕಡೆ ಹಿಡಿದು ಮುಗಿಸಿದ್ದರು, ಉಳಿದ ಕಾವಲುಗಾರ ಇದೊಂದೇ. 1983ರ ಜನವರಿಯಲ್ಲಿ ಪನಾಮಾ ಹತ್ತಿರ ಇದಕ್ಕೆ ರೋಗ ತಗುಲಿತು. ಒಂದೇ ವರ್ಷದಲ್ಲಿ ಇಡೀ ಸಮುದ್ರಕ್ಕೆ ಹಬ್ಬಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಜಮೈಕಾದಲ್ಲಿ ಮುಂಚೆ ಅರ್ಧದಷ್ಟು ತಳ ಮುಚ್ಚಿದ್ದ ಜೀವಂತ ಹವಳ, ಬಿರುಗಾಳಿಯ ಹೊಡೆತವೂ ಸೇರಿ, 1990ರ ದಶಕದ ಹೊತ್ತಿಗೆ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಆ ಜಾಗವನ್ನೆಲ್ಲ ಪಾಚಿ ಹಿಡಿಯಿತು. ಒಬ್ಬನನ್ನೇ ನಂಬಿ ಕೂತರೆ ಹೀಗೆ.

ಈಗ ನಮ್ಮ ಹೊಂಡಕ್ಕೆ ಬರೋಣ.

ಮೊದಲ ಕೆಲಸ ನೀರು ಬರುವ ಬಾಯಲ್ಲಿ. ಹೊಂಡದ ನಕ್ಷೆಯಲ್ಲೇ ಹೂಳುಗುಂಡಿ ಇರುತ್ತದೆ, ಆದರೆ ಎರಡನೇ ವರ್ಷಕ್ಕೆ ಅದು ತುಂಬಿ ನೆಲಸಮ ಆಗಿರುತ್ತದೆ, ಯಾರೂ ಅತ್ತ ನೋಡಿರುವುದಿಲ್ಲ. ಪ್ರತಿ ಬೇಸಿಗೆ ಅದನ್ನು ಬಗೆದು ಮಣ್ಣನ್ನು ಹೊಲಕ್ಕೆ ಚೆಲ್ಲಿ. ನೀರು ಹರಿದು ಬರುವ ಕಾಲುವೆಯಲ್ಲಿ ಕರಕಿ ಬೆಳೆಯಲು ಬಿಡಿ. ಕರಕಿ ಕಂಡರೆ ಕೀಳುವುದು ನಮ್ಮ ಸ್ವಭಾವ, ಇಲ್ಲಿ ಮಾತ್ರ ಅದನ್ನು ಉಳಿಸಿ. ನೀರಿನ ವೇಗ ಮುರಿದು ಮಣ್ಣನ್ನು ಹಿಡಿಯುತ್ತದೆ. ಡಿಎಪಿಯನ್ನು ಮೇಲೆ ಎರಚದೆ ಕೂರಿಗೆಯಲ್ಲಿ ಸಾಲಿನೊಳಗೆ ಹಾಕಿದರೆ ಬೆಳೆಗೂ ದಕ್ಕುತ್ತದೆ, ಹೊಂಡಕ್ಕೂ ಬರುವುದಿಲ್ಲ. ಹೊಂಡದ ದಂಡೆಯಲ್ಲಿ ಬಟ್ಟೆ ಒಗೆಯುವುದು, ಪಂಪು ತೊಳೆಯುವುದು ಬೇಡ.

ಬಂದ ಎಳೆಪಾಚಿಯನ್ನು ಕೈಯಿಂದಲೇ ತೆಗೆಯಬೇಕು. ಬಾವಿಯಲ್ಲಾದರೆ ಕೊಡ ಎತ್ತುವ ಪಾತಾಳಗರಡಿಯೇ ಒಳ್ಳೆಯ ಸಾಧನ, ಇಳಿಬಿಟ್ಟು ಎಳೆದರೆ ಹೊರೆಗಟ್ಟಲೆ ಬರುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಅದನ್ನು ಅಪ್ಪಿತಪ್ಪಿಯೂ ಬಳಸಬೇಡಿ, ಹಾಳೆ ಹರಿಯುತ್ತದೆ. ಅಲ್ಲಿ ಉದ್ದನೆ ಬಿದಿರಿನ ತುದಿಗೆ ಹಳೆಯ ಬಲೆ ಕಟ್ಟಿ, ಇಬ್ಬರು ಎರಡು ದಂಡೆಯಿಂದ ಹಗ್ಗ ಹಿಡಿದು ಎಳೆಯಿರಿ. ಹಾಳೆ ಜಾರುತ್ತದೆ, ಒಬ್ಬರೇ ಇಳಿಯಬೇಡಿ, ಸೊಂಟಕ್ಕೆ ಹಗ್ಗ ಇರಲಿ. ಎಳೆದ ಪಾಚಿಯನ್ನು ದಂಡೆಯಲ್ಲೇ ರಾಶಿ ಹಾಕಿದರೆ ಮಳೆಗೆ ಅದರ ರಸ ವಾಪಸು ಹೊಂಡಕ್ಕೇ ಇಳಿಯುತ್ತದೆ. ಅದರ ಜಾಗ ತಗ್ಗಿನ ಕಡೆಯ ತಿಪ್ಪೆ, ಇಲ್ಲವೇ ನಿಂಬೆ, ಪೇರಲ ಗಿಡದ ಬುಡ. ನಿಮ್ಮ ದುಡ್ಡಿನ ಡಿಎಪಿಯೇ ಅದು, ಬಿಟ್ಟುಕೊಡಬೇಡಿ.

ಮೀನು ಬಿಡಿ ಎನ್ನುತ್ತೇನೆ, ಆದರೆ ಲೆಕ್ಕ ತಿಳಿದು ಬಿಡಿ. ದೊಡ್ಡ ಅಳತೆಯ ಹೊಂಡಕ್ಕೆ ಬೆರಳುದ್ದ ದಾಟಿದ 200 ಮರಿ ಸಾಕು. ಕಾಟ್ಲಾ ಮೇಲ್ಪದರದ್ದು, ಅದು ಪಾಚಿಗಿಂತ ನೀರಿನ ಸಣ್ಣ ಹುಳುಗಳನ್ನು ಹೆಚ್ಚು ತಿನ್ನುತ್ತದೆ. ರೋಹು ನಡುನೀರಿನದು, ಬೆಳೆದ ಮೇಲೆ ಪಾಚಿ, ಕೊಳೆತ ಸೊಪ್ಪು ತಿನ್ನುತ್ತದೆ. ಮೃಗಾಲ್ ತಳ ಕೆದಕುವಂಥದ್ದು. 1959ರಲ್ಲಿ ನಮ್ಮ ದೇಶಕ್ಕೆ ತಂದ ಎರಡು ಗೆಂಡೆಗಳಲ್ಲಿ ಹುಲ್ಲುಗೆಂಡೆ ಜೊಂಡು, ನೀರಸಸ್ಯ ಮೇಯುತ್ತದೆ, ಬೆಳ್ಳಿಗೆಂಡೆ ತೇಲುಪಾಚಿಯನ್ನು ಕಿವಿರಿನಲ್ಲಿ ಸೋಸಿ ತಿನ್ನುತ್ತದೆ. ರೋಹು ಹೆಚ್ಚಿಟ್ಟು, ಈ ಎರಡರಲ್ಲಿ ತುಸು ತುಸು ಬೆರೆಸುವುದು ನನ್ನ ಸಲಹೆ. ಹೊರದೇಶದ ಈ ಗೆಂಡೆಗಳನ್ನು ಮಲಪ್ರಭಾ ನದಿಗಾಗಲಿ ಹಳ್ಳಕ್ಕಾಗಲಿ ಬಿಡಬೇಡಿ. ತೌಡು, ಹಿಂಡಿ ಬುಟ್ಟಿಗಟ್ಟಲೆ ಸುರಿದರೆ ಮೀನು ಬಿಟ್ಟದ್ದೇ ದಂಡ, ತಿನ್ನದೆ ಉಳಿದ ಹಿಂಡಿ ಪಾಚಿಗೆ ಹೋಗುತ್ತದೆ. ಇನ್ನೂ ಒಂದು. ಮೀನು ತಿಂದ ಪಾಚಿಯ ರಂಜಕದಲ್ಲಿ ಬಹುಪಾಲು ಅದರ ಹಿಕ್ಕೆಯಾಗಿ ನೀರಿಗೇ ಬರುತ್ತದೆ. ಮೀನು ಹಿಡಿದು ತಿಂದಾಗ, ಮಾರಿದಾಗ ಮಾತ್ರ ಒಂದಿಷ್ಟು ಹೊರಗೆ ಹೋಯಿತು. ಹೊಂಡದಲ್ಲಿ ಮೀನು ಬಿಟ್ಟು ಹಿಡಿಯದೆ ಪುಣ್ಯ ಕಟ್ಟಿಕೊಳ್ಳುವ ಮನೆಯವರಿಗೆ ಈ ಮಾತು ರುಚಿಸಲಿಕ್ಕಿಲ್ಲ.

ಸೊಳ್ಳೆಗೆಂದು ಬಿಡುವ ಗಂಬೂಸಿಯಾ ಮೀನಿನ ಒಂದು ಗುಟ್ಟೂ ಇದೆ. ಪಾಚಿಯನ್ನು ಹಗಲಿರುಳು ಸೋಸಿ ತಿನ್ನುವುದು ನೀರುಚಿಗಟ ಎಂಬ ಸಾಸಿವೆಗಿಂತ ಸಣ್ಣ ಜೀವಿ. ಗಂಬೂಸಿಯಾ ಸೊಳ್ಳೆಮರಿಯ ಜೊತೆ ಈ ಚಿಗಟವನ್ನೂ ತಿಂದು ಮುಗಿಸುತ್ತದೆ. ಇಂಥ ಮೀನು ಬಿಟ್ಟ ತೊಟ್ಟಿಗಳು ಹಸಿರಾದವು, ಬಿಡದ ತೊಟ್ಟಿಗಳು ತಿಳಿಯಾಗಿದ್ದವು ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 1972ರಲ್ಲೇ ತೋರಿಸಿದರು. ಮನೆ ಹತ್ತಿರದ ತೊಟ್ಟಿಯಲ್ಲಿ ಡೆಂಗಿ ಭಯಕ್ಕೆ ಅದು ಇರಲಿ. ಹೊಲದ ಹೊಂಡಕ್ಕೆ ತಂದು ಬಿಡುವ ಅಗತ್ಯವಿಲ್ಲ.

ನೀರು ಪೂರ್ತಿ ತಿಳಿಯಾಗಲೇಬೇಕೆಂಬ ಹಟವೂ ಬೇಡ. ನೀಲಿಹಸಿರು ಪಾಚಿಯಿಲ್ಲದ ನೀರಾದರೆ ಮೊಣಕೈವರೆಗೆ ಕೈ ಅದ್ದಿ ನೋಡಿ. ಮೊಣಕೈ ಮುಳುಗಿದಾಗ ಅಂಗೈ ಮಸುಕಾಗಿ ಕಾಣುತ್ತಿದ್ದರೆ ಮೀನಿಗೆ ಹದವಾದ ನೀರು. ಮಣಿಕಟ್ಟು ಮುಳುಗುವ ಹೊತ್ತಿಗೇ ಬೆರಳು ಮರೆಯಾದರೆ ಹಸಿರು ಮಿತಿಮೀರಿತು. ಅಂಥ ಹೊಂಡದಲ್ಲಿ ಹಗಲು ಪಾಚಿ ಆಮ್ಲಜನಕ ಬಿಟ್ಟರೂ ರಾತ್ರಿ ತಾನೇ ಅದನ್ನು ಕುಡಿಯುತ್ತದೆ. ನಸುಕಿನಲ್ಲಿ ಹೋಗಿ ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿರುತ್ತವೆ. ಆ ದಿನ ಆಹಾರ ನಿಲ್ಲಿಸಿ, ಮೋಟಾರು ಹಚ್ಚಿ ಅದೇ ನೀರನ್ನು ಎತ್ತರದಿಂದ ಚದುರಿ ಬೀಳುವಂತೆ ಬಿಡಿ.

ಸುಣ್ಣ ಹಾಕಬಹುದೇ ಎಂದು ಕೇಳುತ್ತಾರೆ. ಬಾವಿಗೆ ಸುಣ್ಣ ಹಾಕುವ ರೂಢಿ ನಮ್ಮಲ್ಲಿದೆ. ಹವಳದ ತೊಟ್ಟಿಯವರೂ ಸುಣ್ಣದ ತಿಳಿ ಹನಿಸುತ್ತಾರೆ, ಅದು ಹವಳಕ್ಕೆ ಕ್ಯಾಲ್ಸಿಯಂ ಕೊಟ್ಟು ಒಂದಿಷ್ಟು ಫಾಸ್ಫೇಟನ್ನೂ ಗಟ್ಟಿಮಾಡಿ ಕೂರಿಸುತ್ತದೆ. ಆದರೆ ನಮ್ಮ ಎರೆ ನಾಡಿನ ನೀರು ಮೊದಲೇ ಗಡಸು, ಪಾಚಿ ಬಲಿತ ಹೊಂಡದಲ್ಲಿ ಮಧ್ಯಾಹ್ನದ ಹೊತ್ತಿಗೆ ಕ್ಷಾರ ಇನ್ನೂ ಏರಿರುತ್ತದೆ. ಅದರ ಮೇಲೆ ಸುಣ್ಣ ಸುರಿದರೆ ಮೀನಿಗೆ ಕುತ್ತು. ಇಂಗ್ಲೆಂಡಿನಲ್ಲಿ ಬಾರ್ಲಿಯ ಹುಲ್ಲು ನೀರಿಗೆ ಇಳಿಬಿಡುವ ಪದ್ಧತಿ ಇದೆ, ಒಂದು ಕಡೆ ಫಲ ಕೊಟ್ಟರೆ ಇನ್ನೊಂದು ಕಡೆ ಕೊಟ್ಟಿಲ್ಲ. ನಮ್ಮ ಜೋಳದ ಕಣಿಕಿ ಎತ್ತಿಗೇ ಸಾಲುವುದಿಲ್ಲ, ಅದನ್ನು ಹೊಂಡಕ್ಕೆ ಹಾಕಿ ಪರೀಕ್ಷೆ ಮಾಡಿ ಎಂದು ನಾನು ಹೇಳಲಾರೆ.

ಊರ ನೀರಿನ ವಿಷಯಕ್ಕೆ ಬಂದರೆ, ಹಿರಿಯರು ಪಾಚಿಯ ಶಾಸ್ತ್ರ ಓದದೆಯೂ ಅದರ ಊಟ ನಿಲ್ಲಿಸಿದ್ದರು. ನವಲಗುಂದ, ನರಗುಂದದ ಕಡೆ ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ, ದನ ಬಿಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಚಕ್ಕಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ರಂಜಕ ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ಕಿತ್ತೂರಿನ ಕಡೆ ಮಳೆ ಹೆಚ್ಚು, ಕೆರೆಗಳೂ ಹೆಚ್ಚು. ಅಲ್ಲಿನ ಗ್ರಾಮ ಪಂಚಾಯತಿಗಳು ಹೂಳೆತ್ತುವ ಕೆಲಸವನ್ನು ಬರೀ ನೀರು ನಿಲ್ಲಿಸುವ ಲೆಕ್ಕದಲ್ಲಿ ನೋಡದೆ ಹೂಳು ಹೊಲಕ್ಕೆ ಸೇರುವಂತೆಯೂ ನೋಡಿಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಬರುವ ಭಕ್ತರಿಗೂ ಒಂದು ವಿನಂತಿ. ಜೋಗುಳಬಾವಿಯಲ್ಲಿ, ಎಣ್ಣೆಹೊಂಡದಲ್ಲಿ ಮುಳುಗೇಳಿ, ಅದು ನಿಮ್ಮ ನಂಬಿಕೆ. ಆದರೆ ಸಾಬೂನು, ಶಾಂಪೂ ಪೊಟ್ಟಣ, ಹೂವಿನ ಹಾರ, ಕಳಚಿದ ಬಟ್ಟೆ ನೀರಿಗೆ ಬೇಡ. ಜಾತ್ರೆ ಮುಗಿದ ಮೇಲೆ ಆ ನೀರು ಯಾಕೆ ಹಸಿರುಗಟ್ಟಿ ನಾರುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಸಾಬೂನು ಹಚ್ಚಿಕೊಳ್ಳುವವರಿಗೆ ಹೊಂಡದಿಂದ ದೂರ ನಲ್ಲಿಯ ಸಾಲು, ಅದರ ನೀರು ಹೋಗಲು ಬೇರೆ ಗಟಾರ, ಇಷ್ಟಾದರೆ ಅರ್ಧ ಸಮಸ್ಯೆ ತೀರುತ್ತದೆ.

ಗುಡ್ಡದ ಬುಡದಿಂದ ಸ್ವಲ್ಪ ದೂರದಲ್ಲೇ ನವಿಲುತೀರ್ಥ. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ಅಲ್ಲಿ ರೇಣುಕಾ ಸಾಗರವಾಗಿ ನಿಲ್ಲುತ್ತಾಳೆ. ಸುಮಾರು 37 ಟಿಎಂಸಿ ಹಿಡಿಯುವ ಆ ಜಲಾಶಯಕ್ಕೆ ಬೈಲಹೊಂಗಲ, ಕಿತ್ತೂರು ಸೀಮೆಯ ಹೊಲಗಳಿಂದ ಜಾರಿದ ಗೊಬ್ಬರವೂ ಊರುಗಳ ಗಟಾರದ ನೀರೂ ಬಂದು ಸೇರುತ್ತವೆ. ಅದೇ ನೀರು ಕೆಳಗೆ ರಾಮದುರ್ಗಕ್ಕೆ ಹರಿಯುತ್ತದೆ, ಪೈಪಿನಲ್ಲಿ ಹುಬ್ಬಳ್ಳಿ ಧಾರವಾಡದ ನಲ್ಲಿಗೂ ಬರುತ್ತದೆ. ಅಷ್ಟು ದೊಡ್ಡ ನೀರಿಗೆ ಬಲೆ ಹಾಕಿ ಪಾಚಿ ಎಳೆಯಲಾಗದು, ಬಸವನಹುಳು ಬಿಟ್ಟು ತೀರದು. ಅಲ್ಲಿ ಇರುವ ದಾರಿ ಒಂದೇ, ಬುತ್ತಿ ಕಟ್ಟಿ ಕಳಿಸದಿರುವುದು.

ಮುಂಗಾರಿಗೆ ಇನ್ನೂ ದಿನಗಳಿವೆ. ನೀರು ತಳ ಕಂಡಿರುವ ಈಗಲೇ ಹೂಳುಗುಂಡಿ ಬಗೆಯಿರಿ, ಹೊಂಡದ ತಳದ ಕೆಸರು ಎತ್ತಿ ಹೊಲಕ್ಕೆ ಹಾಕಿ, ಮೇಲ್ಗಡೆ ತಿಪ್ಪೆ ಇದ್ದರೆ ಜಾಗ ಬದಲಿಸಿ. ಮೀನುಮರಿ ಬೇಕಾದವರು ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ನೀರು ತುಂಬಿದ ಮೇಲೆ ಓಡಾಡಿದರೆ ಬೆರಳುದ್ದದ ಮರಿ ಸಿಗುವುದು ಕಷ್ಟ.